ಅಳಿಯನ ಉಂಗುರ ಬೆರಳು

(ಡೈರಿಯ ಮೊದಲ ಪುಟ. ಏಪ್ರಿಲ್ 27, ಭಾನುವಾರ ತುಂಬಿದ್ದು)

ಹೆಸರು, ವಿಳಾಸ, ರಕ್ತದ ಗುಂಪು ಎಂದು ಅಚ್ಚು ಹಾಕಿ ಬಿಟ್ಟಿರುವ ಈ ಪುಟವನ್ನು ನಾನು ಯಾವ ವರ್ಷವೂ ತುಂಬಿದವನಲ್ಲ. ನನ್ನ ಹೆಸರು ನನಗೆ ಗೊತ್ತು. ಈ ಸಲ ಇಲ್ಲಿ ಖರ್ಚು ಬರೆದಿಡುತ್ತೇನೆ. ಇಡೀ ಪ್ರಕರಣಕ್ಕೆ ತಗುಲಿದ್ದು: ಸಿಲಿಕೋನ್ ದ್ರವ ಎರಡು ಡಬ್ಬಿ, ಪೂರ್ತಿ ದಂಡ. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಒಂದು ಜೊತೆ, ಕಸಕ್ಕೆ. ಸೂಟಿನವರ ಮುಂದೆ ಇಷ್ಟು ವರ್ಷ ಕಾಪಾಡಿಕೊಂಡು ಬಂದ ಮರ್ಯಾದೆ, ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ನನ್ನ ಕುರ್ಚಿ. ಉಂಗುರ ಬೆರಳು ಎರಡು: ಒಂದು ಸಿಲಿಕೋನಿನದು, ಒಂದು ಅಲ್ಲದ್ದು.

ಎಲ್ಲ ಕೂಡಿದರೆ ಎಷ್ಟು ಎಂದು ಹೇಳಲಾರೆ. ಕೂಡುವುದರಲ್ಲಿ ನಾನು ತಡವರಿಸಿದ್ದು ಇದೇ ಮೊದಲು.

ಮಾರ್ಚ್ 3, ಸೋಮವಾರ

ಮನೆಗೆ ಅಳಿಯ ಬಂದಿದ್ದಾನೆ. ಮಗಳಿಲ್ಲದ ಮನೆಗೆ ಅಳಿಯ ಬರುವ ಭಾಗ್ಯ ಎಲ್ಲರಿಗೂ ಇರುವುದಿಲ್ಲ.

ಕರೆತಂದವರು ಸೂಟಿನವರು, ಪೇಟೆಯಲ್ಲಿ ಗಂಡಸರ ಉಡುಪಿನ ದೊಡ್ಡ ಅಂಗಡಿ ಇಟ್ಟವರು. ಅವರ ಶೋಕೇಸಿನಲ್ಲಿ ನಿಲ್ಲುವ ಆಳೆತ್ತರದ ಸಿಲಿಕೋನ್ ಬೊಂಬೆ ಇದು. ಕಂಬಳಿ ಸುತ್ತಿ, ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟು ಬೇರೆ ಹಾಕಿದ್ದರು. ನನಗೆ ಯಾರೂ ಅಷ್ಟು ಜೋಪಾನವಾಗಿ ಬೆಲ್ಟು ಹಾಕಿದ್ದಿಲ್ಲ. ಕಿವಿಯ ಪಕ್ಕ ಬೇಕೆಂದೇ ನೆಟ್ಟ ನಾಲ್ಕು ಬಿಳಿ ಕೂದಲು, ಮುಂಗೈ ಮೇಲೆ ಒಂದೊಂದಾಗಿ ಚುಚ್ಚಿದ ರೋಮ, ಯಾರ ಫೋನಿಗೂ ಹೆದರಿ ಗೊತ್ತಿಲ್ಲದ ಮುಖ. ಬಲಗೈಯ ತೋರುಬೆರಳು, ನಡುಬೆರಳು ಎರಡೂ ಸತ್ತಿದ್ದವು. ಒಳಗಿನ ತಂತಿ ತುಂಡಾಗಿ, ಅದರ ತುದಿ ಚರ್ಮ ಚುಚ್ಚಿಕೊಂಡು ಹೊರಗೆ ಇಣುಕುತ್ತಿತ್ತು. ಒಂದು ವಾರ ಕೈಯಲ್ಲಿ ಕಾಫಿ ಕಪ್ಪು, ಇನ್ನೊಂದು ವಾರ ಛತ್ರಿ, ಮತ್ತೊಂದು ವಾರ ಟೈ ಸರಿಮಾಡಿಕೊಳ್ಳುವ ಭಂಗಿ. ಬಾಗಿಸಿ ಬಾಗಿಸಿ ತಂತಿಯ ಆಯಸ್ಸು ಮುಗಿದಿತ್ತು.

“ಇಪ್ಪತ್ತೆರಡಕ್ಕೆ ಹೊಸ ಅಂಗಡಿ ಓಪನ್ನು,” ಅಂದರು ಸೂಟಿನವರು. “ಬಾಗಿಲಲ್ಲಿ ಇವನೇ ನಿಲ್ಲಬೇಕು. ಕೈ ಮುಂದೆ ಚಾಚಿ, ಬನ್ನಿ ಅನ್ನೋ ಹಾಗೆ. ಇದೊಂದು ಸರಿಹೋದ್ರೆ ನಮ್ಮ ಬೊಂಬೆಗಳೆಲ್ಲಾ ವರ್ಷಪೂರ್ತಿ ನಿಮ್ಮ ಕೈಗೇ.”

“ಸಾರ್, ಈ ಕೈ ನೋಡಿ,” ಎಂದು ನನ್ನ ಎರಡೂ ಕೈ ಚಾಚಿದೆ. “ಇದು ಮುಟ್ಟಿದ ಬೆರಳು ಯಾವತ್ತಾದ್ರೂ ವಾಪಸ್ ಬಂದಿದ್ಯಾ?”

ಬಂದಿಲ್ಲ, ನಿಜ. ಈ ಕೈ ಯಾವ ಬೆರಳನ್ನೂ ಮುಟ್ಟಿಯೇ ಇಲ್ಲ. ನಮ್ಮ ಬೊಂಬೆ ರಿಪೇರಿ ಅಂಗಡಿಯ ಪರದೆಯ ಆಚೆ, ಒಳಕೋಣೆಯಲ್ಲಿ ಕೂತು ಬೆರಳು ಮಾಡುವವಳು ಇವಳು, ನನ್ನ ಹೆಂಡತಿ. ನಾನು ರೈಲಿನಲ್ಲಿ ಬಾಚಣಿಗೆ ಮಾರುತ್ತ ಬಾಯಿಯೊಂದನ್ನೇ ಬಂಡವಾಳ ಮಾಡಿ ಮೇಲೆ ಬಂದವನು. ಕೈ ಅವಳದು, ಬಾಯಿ ನನ್ನದು, ಅಂಗಡಿ ಇಬ್ಬರದು ಎಂದು ಎಲ್ಲರಿಗೂ ಹೇಳುತ್ತೇನೆ. ಎಲ್ಲರಿಗೂ ಎಂದರೆ ಪಕ್ಕದ ಅಂಗಡಿಯ ಬೀಗದವನಿಗೆ. ಗಿರಾಕಿಗಳ ಮುಂದೆ ಕೈಯೂ ನನ್ನದೇ.

ಮಾರ್ಚ್ 5, ಬುಧವಾರ

ಅಳಿಯ ನನ್ನ ಕುರ್ಚಿಯಲ್ಲಿ ಕೂತಿದ್ದಾನೆ. ಒಳಕೋಣೆಯಲ್ಲಿ ಕೈ ಇರುವ ಕುರ್ಚಿ ಅದೊಂದೇ. ಬೊಂಬೆಯ ಮೊಣಕೈ ಅದರ ಮೇಲೆ ನಿಂತರೆ ಇವಳ ಮೇಜಿಗೆ ಸರಿಯಾಗುತ್ತದಂತೆ. ನಾನು ಸಂಜೆ ಚಹಾವನ್ನು ಬಾಗಿಲಿಗೆ ಒರಗಿ ನಿಂತು ಕುಡಿದೆ.

ಎರಡು ಬೆರಳಿಗೆ ತಂತಿ ಹಾಕಿ ಕಳಿಸಿದರೆ ಸಾಕಿತ್ತು. ಇವಳು ಐದಕ್ಕೂ ಸ್ಟೀಲಿನ ಕೀಲು ಹಾಕುತ್ತೇನೆಂದು ಹಟ ಹಿಡಿದಳು. ಹಟ ಎಂದರೆ ಬಾಯಿಬಿಟ್ಟು ಹೇಳಿದಳೆಂದಲ್ಲ; ಕೀಲಿನ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ನಮ್ಮವಳು ದಿನಕ್ಕಾಡುವ ಮಾತನ್ನು ಬೆಂಕಿಪೊಟ್ಟಣದ ಬೆನ್ನಿನ ಮೇಲೆ ಬರೆದುಕೊಳ್ಳಬಹುದು. ಬೆರಳಿನ ಒಳಮಗ್ಗುಲಲ್ಲಿ, ಗೆರೆ ಇರುವ ಕಡೆಯೇ ಸೀಳಿ, ಹಳೆಯ ತಂತಿ ಎಳೆದು, ಮೂರು ಪುಟ್ಟ ಕೀಲು ಕೂರಿಸಿ, ಕೀಲಿಗೊಂದು ಸಣ್ಣ ಮೊಳೆ ತೂರಿಸಿ, ಎರಡು ಡಬ್ಬಿಯ ದ್ರವ ಸಮಸಮ ಬೆರೆಸಿ ಮುಚ್ಚುತ್ತಾಳೆ. ಮುಚ್ಚಿದ ಮೇಲೆ ಪೌಡರು ಹಚ್ಚಿ ಬೆರಳಿಂದ ಸವರಿದರೆ ಸೀಳಿದ ಜಾಗ ಸೀಳಿದವಳಿಗೂ ಸಿಗುವುದಿಲ್ಲ.

ಮಾರ್ಚ್ 8, ಶನಿವಾರ

ಇವತ್ತಿನಿಂದ ಬೆರಳು ಪಳಗಿಸುವ ಕೆಲಸ ಶುರು. ಹೊಸ ಕೀಲು ಮೊದಮೊದಲು ಮೊಂಡು. ಬೆಚ್ಚಗಿನ ಕೈಯಲ್ಲಿ ಹಿಡಿದು ಒಂದೊಂದನ್ನೇ ಮಡಚಿ ಬಿಡಿಸಿ, ಮಡಚಿ ಬಿಡಿಸಿ ಹದಕ್ಕೆ ತರಬೇಕು. ತಣ್ಣಗಿನ ಕೈಯಲ್ಲಿ ಮಾಡಿದರೆ ಹೊಸ ಬೆಸುಗೆ ಬಿಟ್ಟುಕೊಳ್ಳುತ್ತದೆ. ಯಂತ್ರಕ್ಕೆ ಆಗದ ಕೆಲಸ.

ಇದನ್ನು ಇವಳು ಎಷ್ಟೋ ಬೊಂಬೆಗಳಿಗೆ ಮಾಡಿದ್ದಾಳೆ. ಆದರೆ ಅವೆಲ್ಲ ಹೆಣ್ಣು ಬೊಂಬೆಗಳು, ಇಲ್ಲವೇ ನರ್ಸಿಂಗ್ ಶಾಲೆಯವರು ಪಾಠಕ್ಕೆ ಇಟ್ಟ ಮುದುಕ ರೋಗಿಯ ಬೊಂಬೆಗಳು. ಈಗ ನೋಡಿದರೆ ಸೂಟು ತೊಟ್ಟ ಗಂಡಸು ನನ್ನ ಕುರ್ಚಿಯಲ್ಲಿ ಕಾಲು ಚಾಚಿದ್ದಾನೆ, ನನ್ನ ಹೆಂಡತಿ ಸ್ಟೂಲಿನ ಮೇಲೆ ಕೂತು ಅವನ ಕೈಯನ್ನು ತನ್ನೆರಡು ಕೈಯೊಳಗೆ ಇಟ್ಟುಕೊಂಡಿದ್ದಾಳೆ. ಅದಕ್ಕೂ ಮೊದಲು ಬಿಸಿನೀರಿನ ಬೋಗುಣಿಯಲ್ಲಿ ಕೈ ಅದ್ದಿ ಕೂತಿದ್ದಳು, ಬಹಳ ಹೊತ್ತು, ಕಣ್ಣುಮುಚ್ಚಿ. ಮೊದಲೆಲ್ಲ ಕೈ ಒರೆಸಿಕೊಂಡು ಶುರು ಹಚ್ಚುತ್ತಿದ್ದಳು. ಅಳಿಯನಿಗೆ ಮಾತ್ರ ಈ ಸಡಗರ.

ಮದುವೆಯಾಗಿ ಇಷ್ಟು ವರ್ಷದಲ್ಲಿ ಇವಳು ನನ್ನ ಕೈ ಹಿಡಿದದ್ದು ರಸ್ತೆ ದಾಟುವಾಗ. ಅದೂ ನಾನು ಮಾತಾಡುತ್ತ ಬಸ್ಸಿನ ಕೆಳಗೆ ಹೋದೇನೆಂದು.

ಮಾರ್ಚ್ 11, ಮಂಗಳವಾರ

ಬೀಗದವನು ಕೀಲಿಕೈ ಉಜ್ಜುತ್ತ ಕೇಳಿದ: “ಏನು ಯಜಮಾನ್ರೇ, ಎರಡು ದಿನದಿಂದ ಮನೆಯಾಚೆ ಕೂತ್ಕೊಂಡೇ ಚಹಾ? ಒಳಗೆ ನೆಂಟರಾ?”

“ಅಳಿಯ.”

“ಓ, ಆ ಸೂಟಿನ ಬೊಂಬೆ! ನೋಡಿದೆ ನೋಡಿದೆ. ಒಳ್ಳೇ ಆಳು. ನಿಮಗಿಂತ ಎರಡು ಗೇಣು ಎತ್ತರ, ನಿಮಗಿಂತ ಕೂದಲು ಜಾಸ್ತಿ. ಬಾಯಿ ಮಾತ್ರ ಕಮ್ಮಿ.”

“ಬಾಯಿಲ್ಲದವನನ್ನ ಯಾರು ಮೂಸಿ ನೋಡ್ತಾರೋ?”

“ಅದನ್ನ ನನ್ನನ್ಯಾಕೆ ಕೇಳ್ತೀರ, ನಿಮ್ಮ ಮನೆಯವರನ್ನ ಕೇಳಿ,” ಎಂದು ಉಜ್ಜುವ ಯಂತ್ರ ಜೋರು ಮಾಡಿದ. ಅದರ ಸದ್ದಿನಲ್ಲಿ ನಾನು ಕೊಟ್ಟ ಉತ್ತರ ಅವನಿಗೆ ಕೇಳಿಸಲಿಲ್ಲ. ಒಳ್ಳೆಯ ಉತ್ತರವಾಗಿತ್ತು.

ಹೆಂಗಸಿಗೆ ಸವತಿ ಎಂಬುದೊಂದು ಪದವಿದೆ, ಹೇಳಿಕೊಂಡು ಅಳಬಹುದು. ಗಂಡಸಿಗೆ ಆ ಸೌಲಭ್ಯವೂ ಇಲ್ಲ.

ಮಾರ್ಚ್ 12, ಬುಧವಾರ

ಇವಳು ಅವನನ್ನು “ರೀ” ಅಂದಳು.

ಸಂಜೆ ಗಲ್ಲಾ ಮುಚ್ಚಿ ಒಳಗೆ ಹೋಗುತ್ತಿದ್ದೆ. ಪರದೆಯ ಈಚೆಗೇ ಕೇಳಿಸಿತು. “ರೀ, ಒಂದು ವಿಷಯ ಹೇಳಬೇಕು. ಸಿಟ್ಟು ಮಾಡ್ಕೋಬೇಡಿ.”  ಆಮೇಲೆ ಮತ್ತೆ ಅದೇ ಮಾತು, ಇನ್ನೂ ಸ್ವಲ್ಪ ಮೆತ್ತಗೆ. ನಾನು ಪರದೆ ಸರಿಸಿದೆ. ಬಾಯಿ ಮುಚ್ಚಿಕೊಂಡಳು. ಅವನ ಕೈ ಬಿಡಲಿಲ್ಲ.

“ಯಾರ ಹತ್ರ ಮಾತು?”

“ಯಾರಿದ್ದಾರೆ ಇಲ್ಲಿ?”

ಅದನ್ನೇ ನಾನು ಕೇಳಿದ್ದು.

ಮಾರ್ಚ್ 14, ಶುಕ್ರವಾರ

ಇವಳ ಬೆರಳಲ್ಲಿ ಉಂಗುರವಿಲ್ಲ. ಊಟ ಬಡಿಸುವಾಗ ಗಮನಿಸಿದೆ. ನಾನು ಬಾಚಣಿಗೆ ಮಾರಿ ಕೂಡಿಟ್ಟು ತಂದ ಉಂಗುರ. ಕಲ್ಲಿಲ್ಲ, ಕೆತ್ತನೆಯಿಲ್ಲ, ಆದರೆ ಚಿನ್ನ. ಮದುವೆಯ ದಿನ ನಾನೇ ತೊಡಿಸಿದ್ದು. ಆಮೇಲೆ ಒಂದು ದಿನವೂ ತೆಗೆದವಳಲ್ಲ. ಸೋಪಿಗೂ ತೆಗೆಯುತ್ತಿರಲಿಲ್ಲ, ಸಿಲಿಕೋನಿಗೂ ತೆಗೆಯುತ್ತಿರಲಿಲ್ಲ.

 ಮಾತಿಗೆ ಮಾತು ಪೋಣಿಸಿ ಇಡೀ ರೈಲಿಗೆ ಬಾಚಣಿಗೆ ಮಾರಿದವನು ಒಂದು ಪ್ರಶ್ನೆ ಕೇಳಲಾರದೆ ಎರಡನೇ ಸಲ ಸಾರು ಹಾಕಿಸಿಕೊಂಡೆ. ಬಡಿಸುವಾಗ ಸೌಟು ಎಡಗೈಯಲ್ಲಿತ್ತು. ಬಲಗೈ ಅಳಿಯನ ಸೇವೆಗೆ ಮೀಸಲು ಎಂದು ಕಾಣುತ್ತದೆ.

ಮಧ್ಯಾಹ್ನ ಇವಳು ಮೆಟ್ಟಿಲು ಗುಡಿಸುವಾಗ ಹುಡುಕಿದೆ. ತುಂಡು ತಂತಿ ಹಾಕುವ ತಗಡಿನ ಡಬ್ಬಿಯಲ್ಲಿ ಸಿಕ್ಕಿತು. ಸತ್ತ ಬೆರಳುಗಳ ತಂತಿಯ ನಡುವೆ ನನ್ನ ಉಂಗುರ.

ಮಾರ್ಚ್ 15, ಶನಿವಾರ

ಇವತ್ತು ಕದ್ದು ಕೇಳಿದೆ. ಬರೆಯಲು ನಾಚಿಕೆಯಿಲ್ಲ, ನನ್ನ ಮನೆ, ನನ್ನ ಪರದೆ.

ಮೊದಲು “ರೀ” ಎಂದು ಶುರುಮಾಡಿದಳು, ಅರ್ಧಕ್ಕೇ ನಿಲ್ಲಿಸಿ ಉಸಿರು ಬಿಟ್ಟಳು. ಆಮೇಲೆ ಅವನನ್ನು ಏಕವಚನಕ್ಕೆ ಇಳಿಸಿದಳು. ಬಹುವಚನಕ್ಕಿಂತ ಅದೇ ಹೆಚ್ಚು ಚುಚ್ಚಿತು.

“ನೋಡು, ನಿನ್ನ ಹತ್ರ ಆದ್ರೆ ಮಾತು ಬರುತ್ತೆ. ನೀನು ಕೇಳ್ತೀಯ. ಅವರ ಹತ್ರ ನಾನು ಬಾಯಿ ತೆಗೆಯೋ ಹೊತ್ತಿಗೆ ಅವರದು ಎರಡು ಊರು ದಾಟಿರುತ್ತೆ. ಎಷ್ಟು ದಿನ ಅಂತ ಬಚ್ಚಿಟ್ಟುಕೊಳ್ಳಲಿ? ಗೊತ್ತಾದ್ರೆ ಅವರಿಗೆ ಏನಾಗುತ್ತೋ, ಈ ಅಂಗಡಿಗೆ ಏನಾಗುತ್ತೋ.”

ಅಲ್ಲಿಗೆ ಸಾಕಾಯಿತು. ಬಚ್ಚಿಟ್ಟುಕೊಳ್ಳುವಂಥದ್ದು ಏನೋ ಇದೆ. ಅದು ನನಗೆ ಗೊತ್ತಾಗಬಾರದು, ಅಳಿಯನಿಗೆ ಗೊತ್ತಾಗಬಹುದು. ಬೊಂಬೆಗೆ ಹೇಳುವುದೇನೂ ಇರುವುದಿಲ್ಲ, ಬೊಂಬೆಯನ್ನು ತಂದವರಿಗೆ ಹೇಳುವುದಿರಬಹುದು. ಸೂಟಿನವರು ಮೊನ್ನೆ ಫೋನು ಮಾಡಿದಾಗ “ಮನೆಯವರು ಆರಾಮಾ” ಎಂದು ಕೇಳಿದ್ದರು. ಯಾವತ್ತೂ ಕೇಳಿದವರಲ್ಲ. ಅವರೂ ಎತ್ತರದವರೇ.

ಮಾರ್ಚ್ 17, ಸೋಮವಾರ

ಬೆಳಿಗ್ಗೆ ಇವಳ ಕೈಯಿಂದ ಕಪ್ಪು ಜಾರಿ ಒಡೆಯಿತು. ಉಪ್ಪಿನ ಡಬ್ಬಿಯ ಮುಚ್ಚಳ ತೆಗೆದುಕೊಡಿ ಎಂದು ನನ್ನ ಮುಂದೆ ಹಿಡಿದಳು. ಗಮನವೆಲ್ಲ ಎಲ್ಲೋ. ಮಧ್ಯಾಹ್ನ ಇಸ್ತ್ರಿಯ ಬಟ್ಟೆ ಉಟ್ಟು, “ಸ್ವಲ್ಪ ಹೊರಗೆ ಕೆಲಸ ಇದೆ, ಬೇಗ ಬರ್ತೀನಿ,” ಎಂದು ಹೊರಟಳು. ಎಲ್ಲಿಗೆ ಎಂದರೆ, “ಇಲ್ಲೇ.”

ಇಲ್ಲೇ ಎಂಬ ಊರಿಗೆ ಯಾವ ಬಸ್ಸು ಹೋಗುತ್ತದೆ?

ನಾನು ಒಳಗೆ ಹೋಗಿ ಇವಳ ಸ್ಟೂಲಿನ ಮೇಲೆ ಕೂತೆ. ಕುಲುಕುವವನಂತೆ ಅಳಿಯನ ಕೈ ಹಿಡಿದೆ. ಒಳ್ಳೆಯ ಕೆಲಸ, ಅದನ್ನು ಒಪ್ಪಬೇಕು. ಐದೂ ಬೆರಳು ಬೆಣ್ಣೆಯ ಹಾಗೆ ಮಡಚುತ್ತಿದ್ದವು. “ಏನಯ್ಯಾ, ಏನು ಹೇಳಿದಳು ನಿನಗೆ?” ಎಂದೆ. ಆಮೇಲೆ ಬಹಳ ಹೇಳಿದೆ. ರೈಲು, ಬಾಚಣಿಗೆ, ಬಾಡಿಗೆಗೆ ಎರಡು ಪ್ಲಾಸ್ಟಿಕ್ ಬೊಂಬೆ ಹಿಡಿದು ಶುರುಮಾಡಿದ ಅಂಗಡಿ, ಇವಳಿಗೆ ಕೂರಲು ದೀಪ ಹಾಕಿಸಿಕೊಟ್ಟ ಈ ಕೋಣೆ, ಎಲ್ಲ. ಅವನು ಕೇಳುತ್ತಿದ್ದ. ಸಿಟ್ಟು ಬಂದದ್ದು ಅದಕ್ಕೇ: ಎಷ್ಟು ಚೆನ್ನಾಗಿ ಕೇಳುತ್ತಿದ್ದ! ನಡುವೆ ಬಾಯಿ ಹಾಕುವುದಿಲ್ಲ, ಗಡಿಯಾರ ನೋಡುವುದಿಲ್ಲ. ಅಂಥವನ ಮುಂದೆ ಯಾವಳು ತಾನೇ ಬಾಯಿ ಬಿಡುವುದಿಲ್ಲ? ಅವನ ಉಂಗುರ ಬೆರಳು ನನ್ನ ಕೈಯಲ್ಲಿತ್ತು. ಹಿಂದಕ್ಕೆ ತಿರುಚಿದೆ.

ಟಕ್ ಅಂದಿತು. ಬೆರಳು ಬುಡದಿಂದ ಜೋತುಬಿತ್ತು. ಬೆಸುಗೆ ಬಾಯಿ ಬಿಟ್ಟಿತು.

ಆಮೇಲೆ ನಾನು ನೆಟ್ಟಗೆ ನಿಂತು ಕೆಲಸ ಮಾಡಿದೆ. ಇಷ್ಟು ವರ್ಷದಿಂದ ನೋಡಿದ್ದೇನೆ, ಏನು ಮಹಾ! ಎರಡು ಡಬ್ಬಿಯ ದ್ರವ ಸಮಸಮ ಬೆರೆಸಿದೆ. ಕೈಗೆ ಅಂಟದಿರಲೆಂದು ಸಿಂಕಿನ ಪಕ್ಕದ ರಬ್ಬರ್ ಗ್ಲೌಸ್ ಹಾಕಿಕೊಂಡೆ. ಮುರಿದ ಕೀಲಿನ ಪಕ್ಕ ತಂತಿಯ ತುಂಡು ತುರುಕಿ, ದ್ರವ ಸುರಿದು, ಮುಚ್ಚಿ, ಪೌಡರು ಹೊಡೆದೆ. ಇವಳು ಬರುವ ಹೊತ್ತಿಗೆ ಗಲ್ಲಾದಲ್ಲಿ ಕೂತು ಪೇಪರು ಓದುತ್ತಿದ್ದೆ.

ಇವಳ ಕಣ್ಣು ಕೆಂಪಾಗಿತ್ತು. ಅತ್ತಿದ್ದಾಳೆ. ಯಾರಿಗಾಗಿ ಎಂದು ಕೇಳುವುದಿಲ್ಲ.

ಮಾರ್ಚ್ 18, ಮಂಗಳವಾರ

ಬೆಸುಗೆ ಗಟ್ಟಿಯಾಗಿಲ್ಲ. ಒಂದು ಇರುಳು ಕಳೆದರೂ ಬೆಲ್ಲದ ಪಾಕದ ಹಾಗೆ ಎಳೆಯುತ್ತಿದೆ. ಇವಳು ಮುಟ್ಟಿ ನೋಡಿ, ಬೆರಳು ಮೂಸಿ, ಬ್ಲೇಡಿನಿಂದ ಬಿಡಿಸಿ, ಒಳಗಿನ ಮುರಿದ ಮೊಳೆಯನ್ನು ಚಿಮಟದಲ್ಲಿ ಎತ್ತಿ ದೀಪಕ್ಕೆ ಹಿಡಿದಳು. ನಾನು ಬಾಗಿಲಲ್ಲಿದ್ದೆ.

“ಸವೆದು ಮುರಿದ್ರೆ ಮೊಳೆ ತೆಳ್ಳಗಾಗಿರುತ್ತೆ,” ಅಂದಳು. “ಇದು ಹೊಸದು. ಒಂದೇ ಕಡೆಗೆ ಬಗ್ಗಿದೆ. ಯಾರೋ ತಿರುಚಿದ್ದಾರೆ.”

“ಬೆಕ್ಕೇನಾದ್ರೂ...”

“ನಮ್ಮನೇಲಿ ಬೆಕ್ಕಿಲ್ಲ.”

“ಬೀಗದವನದು.”

“ಅವರಿಗೂ ಇಲ್ಲ.”

“ಕೀಲು ಕೊಟ್ಟವನೇ ಮೋಸ ಮಾಡಿರಬೇಕು. ಅವನ ಮುಖ ನೋಡಿದ್ರೇ ಗೊತ್ತಾಗುತ್ತೆ. ಫೋನ್ ಮಾಡಿ ಜಾಡಿಸ್ತೀನಿ ತಾಳು!” ಎಂದು ಹೊರಗೆ ಬಂದು ಜಾಡಿಸಿದೆ. ಪಾಪದವನು, ಬದಲಿಗೆ ಹೊಸದು ಕಳಿಸುತ್ತೇನೆ ಅಂದ.

ಒಳಗೆ ಇವಳು ಅಂಟಿದ್ದನ್ನೆಲ್ಲ ಕೆರೆದು ತೆಗೆಯಲು ಕೂತಳು. ಕೆಟ್ಟ ಸಿಲಿಕೋನು ಒಂದಿಷ್ಟು ಉಳಿದರೂ ಮೇಲೆ ಹಾಕಿದ ಒಳ್ಳೆಯದೂ ಕೆಡುತ್ತದೆ.

ಮಾರ್ಚ್ 19, ಬುಧವಾರ

ಇಡೀ ದಿನ ಕೆರೆದಳು. ಅವನ ಒಂದು ಬೆರಳಿಗಾಗಿ ಇಷ್ಟು. ನಾನು ಮಂಡಿ ಒಡೆದುಕೊಂಡಾಗ ಹತ್ತಿ ಕೊಟ್ಟು, “ಹಚ್ಕೊಳ್ಳಿ,” ಅಂದಿದ್ದಳು.

ಮಾರ್ಚ್ 20, ಗುರುವಾರ

ಮೂರು ಗಂಟೆಯಿರಬೇಕು. ಸೂಟಿನವರ ಫೋನು ಬಂದಿತ್ತು, ನಾಳೆ ಸಂಜೆ ಗಾಡಿ ಕಳಿಸುತ್ತೇವೆಂದು. ಹೇಳಲು ಒಳಗೆ ಹೋದೆ. ಇವಳು ಚಿಮಟದಲ್ಲಿ ಕೊನೆಯ ಮೊಳೆ ಹಿಡಿದು ಕೂತಿದ್ದಳು. ಮೊಳೆ ಕೂತಿತು. ಚಿಮಟ ಕೆಳಗಿಡಲಿಲ್ಲ. ಇವಳ ಬೆರಳು ಅದರ ಸುತ್ತ ಮುಚ್ಚಿಕೊಂಡೇ ಇದ್ದವು.

“ಏನು, ಅಳಿಯನ ಹಾಗೆ ಭಂಗಿ ಕೊಡ್ತಿದ್ದೀಯಾ?” ಎಂದು ನಕ್ಕೆ.

ಇವಳು ನಗಲಿಲ್ಲ. ಎಡಗೈಯಿಂದ ಚಿಮಟ ಬಿಡಿಸಿ ಇಟ್ಟಳು. ನಡುಬೆರಳು ಮೆಲ್ಲಗೆ ತೆರೆಯಿತು, ಕಿರುಬೆರಳೂ ತೆರೆಯಿತು. ಉಂಗುರ ಬೆರಳು ಅಂಗೈಗೆ ಅಂಟಿಕೊಂಡೇ ಇತ್ತು. ಅದನ್ನು ಎಡಗೈಯಲ್ಲಿ ಹಿಡಿದು, ತುಟಿ ಕಚ್ಚಿ, ಎಳೆದಳು.

ಟಕ್.

ಆ ಸದ್ದು ನನಗೆ ಗೊತ್ತು. ಸೋಮವಾರ ನಾನೇ ಮಾಡಿದ ಸದ್ದು. ಇದು ಸಿಲಿಕೋನಿನಿಂದ ಬಂದದ್ದಲ್ಲ.

ಇವಳು ಒಮ್ಮೆ ಅಳಿಯನ ಕಡೆ ನೋಡಿದಳು, ಪಾಠ ಒಪ್ಪಿಸುವ ಮುಂಚೆ ಮಕ್ಕಳು ಪುಸ್ತಕ ನೋಡುವ ಹಾಗೆ. ಆಮೇಲೆ ನನ್ನ ಕಡೆ ತಿರುಗಿದಳು.

“ರೀ, ಒಂದು ವಿಷಯ ಹೇಳಬೇಕು. ಸಿಟ್ಟು ಮಾಡ್ಕೋಬೇಡಿ.”

ಅದೇ ಮಾತು, ಅದೇ ದನಿ. ನನ್ನ ಕುರ್ಚಿಯಲ್ಲಿ ಕೂರಿಸಿದ ಬೊಂಬೆಯ ಮುಂದೆ ನನಗೆ ಹೇಳಬೇಕಾದದ್ದನ್ನು ಅಷ್ಟು ದಿನ ಬಾಯಿಪಾಠ ಮಾಡಿದ್ದಾಳೆ.

ಹೇಳಿದಳು. ಚಳಿಗಾಲದಿಂದ ಹೀಗೆ. ಬೆಳಿಗ್ಗೆ ಎದ್ದಾಗ ಬೆರಳು ಮುಚ್ಚಿಕೊಂಡಿರುತ್ತದೆ. ಬಿಸಿನೀರಿನಲ್ಲಿ ಇಟ್ಟರೆ ಬಿಡುತ್ತದೆ. ಗಿಣ್ಣು ಊದಿ ಉಂಗುರ ಕಚ್ಚತೊಡಗಿತು, ಸೋಪು ಹಚ್ಚಿ ತೆಗೆದು, ಕಣ್ಣಿಗೆ ಬೀಳದಿರಲೆಂದು ತಂತಿಯ ಡಬ್ಬಿಗೆ ಹಾಕಿದಳು. ಸೋಮವಾರ ಹೋದದ್ದು ಕೈಯ ಡಾಕ್ಟರ ಹತ್ತಿರ. ಚಿಮಟ ಹಿಡಿಯುವ ಸಣ್ಣ ಕೆಲಸ ಇವತ್ತೇ ನಿಲ್ಲಿಸಿ ಅಂದರಂತೆ. “ಹೇಗೂ ಎಲ್ಲಾ ಬೆರಳೂ ಮುಗಿದಿತ್ತಲ್ಲ, ಇಪ್ಪತ್ತೆರಡು ಕಳೀಲಿ, ಆಮೇಲೆ ನಿಲ್ಲಿಸೋಣ ಅಂತಿದ್ದೆ,” ಅಂದಳು. “ಮಾರನೇ ದಿನ ನೋಡಿದ್ರೆ ಇದು ಮುರಿದಿತ್ತು.”

 

ಮಾರ್ಚ್ 21, ಶುಕ್ರವಾರ

ಡಾಕ್ಟರು ಇವಳ ಕೈಯನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಹಿಡಿದುಕೊಂಡಿದ್ದರು. ಮೂಳೆ ಸರಿಯಿದೆಯಂತೆ. ಬೆರಳು ಎಳೆಯುವ ದಾರ ಒಂದು ಕೊಳವೆಯೊಳಗೆ ಓಡಾಡುತ್ತದೆ, ಆ ಕೊಳವೆ ಬಿಗಿದುಕೊಂಡಿದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ತಂತಿ ಚೆನ್ನಾಗಿದೆ, ಕವಚ ಬಿಗಿ. ಒಂದು ಸೂಜಿ ಕೊಟ್ಟರು, ಪಟ್ಟಿ ಕಟ್ಟಿದರು. ಸರಿಹೋಗದಿದ್ದರೆ ಸಣ್ಣ ಆಪರೇಷನ್ನು.

“ಇಷ್ಟೊಂದು ಜೋರಾಗಿದ್ದು ಈ ಎರಡು ಮೂರು ದಿನದಲ್ಲೇ. ಏನು ಮಾಡಿದ್ರಿ?” ಎಂದು ಡಾಕ್ಟರು ಕೇಳಿದರು.

“ಕೆರೆದೆ,” ಅಂದಳು ಇವಳು. ನನ್ನ ಕಡೆ ನೋಡಲಿಲ್ಲ.

ಅಳಿಯನ ಕೊನೆಯ ಬೆಸುಗೆ ನಾನು ಹಾಕಿದೆ, ಬರಿಗೈಯಲ್ಲಿ. ಇವಳು ಪಕ್ಕದಲ್ಲಿ ಕೂತು ಹೇಳಿದಳು: ಕಮ್ಮಿ, ಇನ್ನೂ ಕಮ್ಮಿ, ಒರೆಸಿ, ಉಸಿರು ಬಿಡಬೇಡಿ ಅದರ ಮೇಲೆ. ಬೆಸುಗೆ ಗಟ್ಟಿಯಾಯಿತು. ಆದರೆ ಉಬ್ಬಿದೆ, ಸೀಳಿದ ಜಾಗ ಕುರುಡನಿಗೂ ಸಿಗುತ್ತದೆ. ಕೀಲು ಪಳಗಿಸಲು ಸಮಯ ಸಾಲಲಿಲ್ಲ.

ಸಂಜೆ ಗಾಡಿಯ ಜೊತೆ ತಾವೇ ಬಂದ ಸೂಟಿನವರು ಕೈ ತಿರುಗಿಸಿ ನೋಡಿದರು. “ಇದು ನಿಮ್ಮ ಕೈಕೆಲಸವಾ?”

“ಹೌದು ಸಾರ್, ಇದು ನನ್ನದೇ,” ಅಂದೆ. “ಇದಕ್ಕೆ ಮುಂಚಿನದೆಲ್ಲಾ ಇವಳದು.”

ಸೂಟಿನವರು ಒಮ್ಮೆ ನನ್ನನ್ನು, ಒಮ್ಮೆ ಇವಳ ಪಟ್ಟಿಯನ್ನು ನೋಡಿದರು. ಅವರಿಗೆ ಕೋಪ ಬಂದದ್ದು ಬೆರಳಿಗೋ ಇಷ್ಟು ವರ್ಷದ ಸುಳ್ಳಿಗೋ ಗೊತ್ತಾಗಲಿಲ್ಲ.

ಮಾರ್ಚ್ 22, ಶನಿವಾರ

ಹೊಸ ಅಂಗಡಿ ನೋಡಿ ಬಂದೆವು. ಜನವೋ ಜನ. ಬಾಗಿಲಲ್ಲಿ ಅಳಿಯ ನಿಂತಿದ್ದ, ಬೂದು ಬಣ್ಣದ ಸೂಟು. ಶೋಕೇಸು ಅಲಂಕರಿಸುವವನು ಕೊನೆಯ ಗಳಿಗೆಯಲ್ಲಿ ಮನಸ್ಸು ಬದಲಿಸಿದನಂತೆ. ಬಲಗೈ ಪ್ಯಾಂಟಿನ ಜೇಬಿನಲ್ಲಿತ್ತು.

ಇವಳು ಫುಟ್‌ಪಾತಿನಲ್ಲೇ ನಿಂತು ನಕ್ಕಳು. ಪಟ್ಟಿ ಕಟ್ಟಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ. ರಸ್ತೆ ದಾಟುವಾಗ ಇವಳ ಎಡಗೈ ನಾನು ಹಿಡಿದೆ. ಬಸ್ಸು ದೂರವಿತ್ತು.

ಮಾರ್ಚ್ 29, ಶನಿವಾರ

ನರ್ಸಿಂಗ್ ಶಾಲೆಯಿಂದ ಮುದುಕ ರೋಗಿ ಬಂದಿದ್ದಾನೆ, ಹೆಬ್ಬೆರಳು ಬಿದ್ದಿದೆ. ನಾನು ಕೂತೆ. ಇವಳು ನನ್ನ ಕುರ್ಚಿಯಲ್ಲಿ. ಸ್ಟೂಲು ಇಷ್ಟು ಗಟ್ಟಿ ಎಂದು ಗೊತ್ತಿರಲಿಲ್ಲ.

“ಹಾಗೆ ಹಿಡಿದ್ರೆ ಬ್ಲೇಡು ಮೂಳೆಗೆ ಹೋಗುತ್ತೆ. ಗೆರೆ ನೋಡಿ. ಮನುಷ್ಯನ ಬೆರಳು ಎಲ್ಲಿ ಮಡಚುತ್ತೋ ಅಲ್ಲೇ ಸೀಳಬೇಕು, ಆಗ ಗಾಯ ಗೆರೇಲಿ ಕಳೆದುಹೋಗುತ್ತೆ. ನಿಮ್ಮ ಕೈ ನೋಡ್ಕೊಳ್ಳಿ, ಅವನದು ನೋಡಬೇಡಿ. ಇದನ್ನ ನನಗೆ ಯಾರೂ ಹೇಳಿಕೊಡಲಿಲ್ಲ. ಮೊದಲನೇ ವರ್ಷ ಎಷ್ಟು ಕೆಡಿಸಿದ್ದೀನಿ ಗೊತ್ತಾ? ನಿಮಗೆ ಗೊತ್ತಾಗದ ಹಾಗೆ ಒಲೆ ಕೆಳಗೆ ಬಚ್ಚಿಡ್ತಿದ್ದೆ. ನೀವು ಹೊರಗೆ ಗಿರಾಕಿಗೆ ‘ನನ್ನ ಕೈ ನೋಡಿ’ ಅಂತಿದ್ರಿ, ನಾನು ಒಳಗೆ ನನ್ನ ಕೈ ನೋಡ್ಕೊಂಡು ನಗ್ತಿದ್ದೆ. ಒಂದೊಂದು ದಿನ ನಗ್ತಿರಲಿಲ್ಲ.”

ಬೀಗದವನು ಹಾದುಹೋಗುತ್ತ ಇಣುಕಿದ. “ಯಜಮಾನ್ರು ಒಳಗೆ, ಯಜಮಾನ್ತಿ ಕುರ್ಚಿ ಮೇಲೆ! ಬೀಗ ಬದಲಾಯ್ತಾ, ಕೀಲಿಕೈ ಬದಲಾಯ್ತಾ?” ಒಳ್ಳೆಯ ಉತ್ತರವೊಂದು ಹೊಳೆಯಿತು. ಉಸಿರು ಬಿಡಬೇಡಿ ಎಂದು ಇವಳು ಗದರಿದ್ದರಿಂದ ಸುಮ್ಮನಾದೆ.

ಏಪ್ರಿಲ್ 12, ಶನಿವಾರ

ಸಂಜೆಗಳಲ್ಲಿ ಇವಳ ಕೈ ಪಳಗಿಸುವ ಕೆಲಸ ನನ್ನದು. ಡಾಕ್ಟರು ತೋರಿಸಿಕೊಟ್ಟಿದ್ದಾರೆ, ಅಷ್ಟು ಹೊತ್ತು ಪಟ್ಟಿ ಬಿಚ್ಚಿಡಬಹುದಂತೆ. ನಾನು ಮೊದಲು ಬಿಸಿನೀರಿನಲ್ಲಿ ಕೈ ಅದ್ದಿಕೊಂಡು, ಇವಳ ಉಂಗುರ ಬೆರಳನ್ನು ಮೆಲ್ಲಗೆ ಮಡಚಿ ಬಿಡಿಸಬೇಕು. ಮಾತಾಡಿದರೆ ಕೈ ಜೋರಾಗುತ್ತದೆ, ಇವಳಿಗೆ ನೋವಾಗುತ್ತದೆ. ಹಾಗಾಗಿ ಮಾತೆಲ್ಲ ಇವಳದೇ.

ಇವತ್ತು ನಡುವೆ ಕೇಳಿದಳು: “ಬೊಂಬೆ ಮೇಲೆ ಹೊಟ್ಟೆಕಿಚ್ಚಾ ನಿಮಗೆ?”

“ಯಾರು ಹೇಳಿದ್ದು?”

“ಹಾಗಾದ್ರೆ ಬೆರಳು ಮುರಿದದ್ದು ಪ್ರೀತಿಗಾ?”

ಬಿಸಿನೀರು ಆರಿತ್ತು. ತರುತ್ತೇನೆಂದು ಎದ್ದೆ, ಬಿಡಲಿಲ್ಲ.

“ಕೂತ್ಕೊಳ್ಳಿ. ನಂಗೆ ಮಂಗಳವಾರ ಬೆಳಿಗ್ಗೇನೇ ಗೊತ್ತಾಯ್ತು. ರಬ್ಬರ್ ತಾಗಿದ್ರೆ ಈ ಸಿಲಿಕೋನ್ ಗಟ್ಟಿಯಾಗಲ್ಲ. ಬೆರಳು ಮೂಸಿದ್ರೆ ಸಿಂಕಿನ ಗ್ಲೌಸಿನ ವಾಸನೆ. ಗ್ಲೌಸ್ ಹಾಕ್ಕೊಂಡು ಸಿಲಿಕೋನ್ ಮುಟ್ಟೋ ಬುದ್ಧಿವಂತರು ಈ ಮನೇಲಿ ಇನ್ಯಾರಿದ್ದಾರೆ? ಬೇರೆ ಯಾರೋ ಆಗಿದ್ರೆ ಬೈದುಬಿಡ್ತಿದ್ದೆ. ನಿಮ್ಮ ಮೇಲೆ ಎಷ್ಟು ಸಿಟ್ಟು ಬಂತು ಅಂದ್ರೆ ಬೈಯೋಕೂ ಆಗಲಿಲ್ಲ, ಕೆರೀತಾ ಕೂತೆ. ನಿಮಗೆ ನಾನು ನೋಯ್ತಿದ್ದದ್ದು ಕಾಣಿಸಲಿಲ್ಲ, ಅವನ ಕೈ ಹಿಡಿದದ್ದು ಕಾಣಿಸ್ತು. ಕಪ್ಪು ಒಡೆದೆ, ಎಡಗೈಲಿ ಬಡಿಸಿದೆ, ಮುಚ್ಚಳ ತೆಗೆದುಕೊಡಿ ಅಂದೆ. ಇನ್ನು ಹೇಗೆ ಹೇಳೋದು ನಾನು?”

 ಬೆರಳು ಮಡಚಿ ಬಿಡಿಸಿದೆ. ಇವಳು ಕೈ ಎಳೆದುಕೊಳ್ಳಲಿಲ್ಲ. ಆಮೇಲೆ ತನ್ನ ತಾಯಿಯ ವಿಷಯ ಹೇಳಿದಳು, ಅವರ ಕೈಯೂ ಕೊನೆಗೆ ಹೀಗೇ ಮುಚ್ಚಿಕೊಂಡಿತ್ತಂತೆ, ಯಾರಿಗೂ ಹೇಳಿರಲಿಲ್ಲವಂತೆ. ನನಗೆ ಇದು ಗೊತ್ತೇ ಇರಲಿಲ್ಲ. ಹೊತ್ತು ಹೋದದ್ದು ತಿಳಿಯಲಿಲ್ಲ. ಇವತ್ತು ಬರೆಯಲು ನನ್ನದೆಂಬುದು ಏನೂ ಉಳಿದಿಲ್ಲ.

ಏಪ್ರಿಲ್ 27, ಭಾನುವಾರ

ನಿನ್ನೆ ಡಾಕ್ಟರು ಪಟ್ಟಿ ಪೂರ್ತಿ ತೆಗೆದರು. ಈ ಸಲವೂ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕೈ ಹಿಡಿದುಕೊಂಡಿದ್ದರು, ಲೆಕ್ಕ ಇಟ್ಟಿದ್ದೇನೆ. ಬೆರಳು ಮುಕ್ಕಾಲು ತೆರೆಯುತ್ತದೆ. ಸಣ್ಣ ಕೆಲಸ ಇನ್ನು ದಿನಕ್ಕೆ ಸ್ವಲ್ಪವೇ, ಹಳೆಯ ಹಾಗೆ ಇಡೀ ದಿನ ಎಂದಿಗೂ ಇಲ್ಲ.

ಖರ್ಚನ್ನು ಮೊದಲ ಪುಟದಲ್ಲಿ ಬರೆದೆ. ಜಮೆಯ ಕಡೆಯೂ ಬರೆದುಬಿಡುತ್ತೇನೆ.

ಸೂಟಿನವರಿಗೆ ಹೊಸ ಅಂಗಡಿ ಸಿಕ್ಕಿತು, ಅವರ ಬೊಂಬೆಗಳಿಗೆ ಬೇರೆ ರಿಪೇರಿಯವನು ಸಿಕ್ಕ. ಅಳಿಯನಿಗೆ ಜೇಬು ಸಿಕ್ಕಿತು. ಬೀಗದವನಿಗೆ ವರ್ಷಕ್ಕಾಗುವಷ್ಟು ಮಾತು ಸಿಕ್ಕಿತು. ಕೀಲು ಮಾರುವವನಿಗೆ ನನ್ನ ಕ್ಷಮಾಪಣೆಯ ಫೋನು, ಅವನು ನಂಬಲಿಲ್ಲ. ಇವಳಿಗೆ ಕೈ ಇರುವ ಕುರ್ಚಿ ಸಿಕ್ಕಿತು, ಇನ್ನು ವಾಪಸ್ ಬರುವುದಿಲ್ಲ. ನನಗೆ ಸ್ಟೂಲು, ಹೆಬ್ಬೆರಳು ಕೂರಿಸುವಷ್ಟು ವಿದ್ಯೆ, ಮತ್ತು ಸಂಜೆ ಹಿಡಿಯಲು ಒಂದು ಕೈ.

ಉಂಗುರ ಇನ್ನೂ ಗಿಣ್ಣು ದಾಟುವುದಿಲ್ಲ. ತಂತಿಯ ಡಬ್ಬಿಯಲ್ಲೇ ಇದೆ.